ಕೊಕ್ಕೆ

ಕಳ್ಳನಲ್ಲ ನಾನು. ಕಳ್ಳನ ಹೊತ್ತಿಗೆ ಬರುವವನು, ಅಷ್ಟೆ.
ಮೆಂಫಿಸ್ಸಿನ ಬೀದಿಗಳಲ್ಲಿ ನಾಯಿಗಳೂ ಮಗ್ಗುಲು ಬದಲಿಸುವ ಗಳಿಗೆ,
ಮೂರೂ ನಲವತ್ತು.
ದೀಪ ಆರಿಸಿ, ಲಾರಿಯನ್ನು ಹಿಮ್ಮುಖವಾಗಿ ನುಗ್ಗಿಸಿ,
ಕಬ್ಬಿಣದ ಎರಡು ತೋಳು ಚಾಚಿ
ಮುಂದಿನ ಗಾಲಿಗಳನ್ನು ತಬ್ಬಿ ಎತ್ತಿದರೆ
ಮುಗಿಯಿತು, ನಲವತ್ತು ಸೆಕೆಂಡು.
ಕಂತು ತಪ್ಪಿದ ಕಾರುಗಳು ರಂಪ ಮಾಡುವುದಿಲ್ಲ,
ನಿದ್ದೆಗಣ್ಣಿನ ಮಕ್ಕಳ ಹಾಗೆ ಹೆಗಲಿಗೆ ಬರುತ್ತವೆ.

ಪಟ್ಟಿಯಲ್ಲಿ ಅವತ್ತು ಮೂರನೆಯ ಹೆಸರು: ಒಡೆಸ್ಸಾ ಟಾರ್ಪ್ಲಿ.
ಬೂದು ಬಣ್ಣದ ನಿಸ್ಸಾನ್, ನಾಲ್ಕು ಕಂತು ಬಾಕಿ.
ಶಾಲೆಯ ಬಸ್ಸು ಓಡಿಸುವವಳೆಂದು ಆಮೇಲೆ ಗೊತ್ತಾಯಿತು.
ಗಾಲಿ ನೆಲ ಬಿಟ್ಟಿತ್ತು. ಹಿಂದಿನ ಸೀಟಿನ ಮೇಲುಗಡೆ
ಪ್ಲಾಸ್ಟಿಕ್ ಹೊದ್ದ ನಿಲುವಂಗಿ,
ಚರ್ಚಿನ ಹಾಡುಗಾರರದು,
ಪುಟ್ಟ ಕೊಕ್ಕೆಯಲ್ಲಿ ಒಂದೇ ಸಮ ತೂಗುತ್ತಿತ್ತು.

ಬಾಗಿಲು ತೆರೆಯಿತು. ನನಗೆ ಬಾಗಿಲುಗಳು ಗೊತ್ತು:
ಬೈಗುಳದ ಬಾಗಿಲು, ಅಳುವಿನ ಬಾಗಿಲು,
ಒಮ್ಮೆ ಬಂದೂಕಿನದೂ.
ಇವಳದು ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು,
ಕೈಯಲ್ಲಿ ಒಂದು ಹಾಳೆ.
"ಇಳಿಸು," ಎಂದಳು.
ಬಸ್ಸಿನ ಕೊನೆಯ ಸೀಟಿನ ಹುಡುಗನಿಗೆ ಹೇಳುವ ದನಿ.

ಟಾರ್ಚು ಬಿಟ್ಟು ಓದಿದೆ.
ಕೋರ್ಟಿನ ಹೆಸರು, ಮೊಕದ್ದಮೆಯ ನಂಬರು, ಅಧ್ಯಾಯ ಹದಿಮೂರು,
ದಾಖಲಾದ ಹೊತ್ತು ರಾತ್ರಿ ಹನ್ನೊಂದು ಐವತ್ತೆರಡು.
ಪಾಪರ್ ಚೀಟಿ.
ಯಾರೋ ವಕೀಲ ತನ್ನ ಅಡುಗೆಮನೆಯಲ್ಲಿ
ಎಂಜಲು ತಟ್ಟೆ ಪಕ್ಕಕ್ಕೆ ಸರಿಸಿ
ಗುಂಡಿಯೊಂದನ್ನು ಒತ್ತಿರಬೇಕು. ಒತ್ತಿದ ಕ್ಷಣವೇ
ಈ ಕಾರಿನ ಸುತ್ತ, ಈ ಮನೆಯ ಸುತ್ತ,
ಅವಳ ಸಂಬಳದ ಸುತ್ತ ಗೆರೆ ಬಿದ್ದಿದೆ.
ನನಗೆ ತಿಳಿದಿರಲಿಲ್ಲ. ತಿಳಿಯಬೇಕೆಂದೂ ಇರಲಿಲ್ಲ.
ನಾನು ಲಾಮಾರ್ ಅವೆನ್ಯೂನಲ್ಲಿ ಕಾಫಿ ಕುಡಿಯುತ್ತಿದ್ದಾಗಲೇ
ಕಾನೂನು ಇಲ್ಲಿಗೆ ಬಂದು ಕಾಯುತ್ತ ನಿಂತಿತ್ತು,
ಅಂಗಳದ ಕತ್ತಲಲ್ಲಿ, ದೀಪ ಆರಿಸಿಕೊಂಡು,
ಥೇಟು ನನ್ನ ಹಾಗೆ.

ಆಫೀಸಿಗೆ ಫೋನು ಮಾಡಿದೆ. ನಿದ್ದೆಯಿಂದೆದ್ದ ಡಬ್ನಿ
ನಂಬರು ಕೇಳಿ, ಕಂಪ್ಯೂಟರು ತಡಕಾಡಿ,
"ಬಿಟ್ಟು ಬಾ ಮಾರಾಯ. ಮುಟ್ಟಿದರೆ ನಮಗೇ ದಂಡ," ಎಂದ.
ಹದಿನೇಳು ವರ್ಷ ಊರವರ ಕಾರಿಗೆ ಕೊಕ್ಕೆ ಹಾಕಿದವನು ನಾನು.
ನನ್ನ ಕೊಕ್ಕೆಗೇ ಕೊಕ್ಕೆ ಹಾಕಿತ್ತು
ಒಂದು ಹಾಳೆ.

ಎತ್ತಿದಷ್ಟು ಬೇಗ ಇಳಿಸಲಾಗುವುದಿಲ್ಲ.
ಕಾಯುತ್ತ ಅವಳು ಮಾತಾಡಿದಳು, ನನ್ನೊಡನೆ ಅಲ್ಲ, ಕಾರಿನೊಡನೆ:
ಕ್ಲಿಯೋಥನ ಕಿಡ್ನಿ, ಆಸ್ಪತ್ರೆಯ ಬಿಲ್ಲು,
ಅವನು ಹೋದ ಮೇಲೂ ಅವನ ಹೆಸರಿಗೇ ಬರುತ್ತಿದ್ದ ಫೋನು,
ದಿನಕ್ಕೆ ಹನ್ನೊಂದು ಸಲ.
"ಸತ್ತಿದ್ದಾನೆ ಅಂದೆ.
ಹಾಗಾದರೆ ಯಾವಾಗ ಸಿಗುತ್ತಾರೆ ಅಂತ ಕೇಳಿದರು."
ನಾಳೆಯಿಂದ ಅದೂ ನಿಲ್ಲಬೇಕು. ನಿಲ್ಲಲೇಬೇಕು.

ಸಾಲವೇನೂ ತೀರಿಲ್ಲ. ಅವಳಿಗೂ ಗೊತ್ತು.
ಐದು ವರ್ಷ, ತಿಂಗಳಿಗೆ ಇಷ್ಟೆಂದು, ಕೋರ್ಟು ಹೇಳಿದವರ ಕೈಗೆ.
ಅದು ತಪ್ಪಿದರೆ ಗೆರೆ ಅಳಿಸುತ್ತದೆ,
ನಾನೇ ಬರುತ್ತೇನೆ, ಇದೇ ಹೊತ್ತಿಗೆ.
ಕೈ ಎತ್ತಿಬಿಟ್ಟಳು ಅನ್ನುತ್ತಾರೆ ಜನ, ಸೋತವರ ಲೆಕ್ಕಕ್ಕೆ ಸೇರಿಸಿ.
ಹೌದು, ಎತ್ತಿದ್ದಾಳೆ.
ಅವಳ ಹಳದಿ ಬಸ್ಸಿನ ಪಕ್ಕೆಯಿಂದ
ಕೆಂಪು ಫಲಕವೊಂದು ಚಾಚಿಕೊಳ್ಳುತ್ತದಲ್ಲ, ಆ ಕೈ.
ಅದು ಚಾಚಿದರೆ ಆ ಕಡೆಯವರೂ ಈ ಕಡೆಯವರೂ ನಿಲ್ಲಬೇಕು,
ಎಂಥ ಅವಸರದವನೂ, ಎಂಥ ದೊಡ್ಡ ಲಾರಿಯೂ,
ಮಕ್ಕಳು ರಸ್ತೆ ದಾಟುವಷ್ಟು ಹೊತ್ತು.

ಗಾಲಿ ನೆಲ ಮುಟ್ಟಿತು. ಬಾಗಿ ಬಂಪರು ಸವರಿ ನೋಡಿದಳು.
ಗೀರು ಬಿದ್ದಿತ್ತು. ಏನೂ ಅನ್ನಲಿಲ್ಲ.
ಹಾಳೆಯನ್ನು ವಾಪಸು ಇಸಿದುಕೊಂಡು,
ಮಡಿಸದೆ, ಚಪ್ಪಟೆಯಾಗಿ ಎದೆಗೊತ್ತಿ ಒಳಗೆ ಹೋದಳು.

ಪಟ್ಟಿಯಲ್ಲಿ ನಾಲ್ಕನೆಯದು ಎರಡು ಬೀದಿ ಆಚೆ.
ಅಲ್ಲಿ ಯಾವ ಬಾಗಿಲೂ ತೆರೆಯಲಿಲ್ಲ.
ಒಂದು ನಿಮಿಷ ಹೆಚ್ಚಿಗೆ ಕಾದೆ.
ಎತ್ತಿದೆ.